ಪಸ್ಕದ ರಾತ್ರಿ ಮಾಂಸ ವೈನಿನಲ್ಲಿ ಯಾಕೆ ಬೇಯುತ್ತದೆ?

ಯೆಹೂದಿಗಳ ಪಸ್ಕ ಹಬ್ಬದ ಮೊದಲ ರಾತ್ರಿಯ ಊಟಕ್ಕೆ ಸೇಡರ್ ಎನ್ನುತ್ತಾರೆ. ಸಂಪ್ರದಾಯ ಪಾಲಿಸುವ ಅಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯೆಹೂದಿಗಳ ಮನೆಯಲ್ಲಿ ಅವತ್ತು ಸುಟ್ಟ ಮಾಂಸ ಬಡಿಸುವುದಿಲ್ಲ. ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಈ ಹಬ್ಬಕ್ಕೆ ಬಲಿ ಕೊಟ್ಟ ಕುರಿಮರಿಯನ್ನು ಬೆಂಕಿಯಲ್ಲಿ ಸುಟ್ಟು ತಿನ್ನುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು. ದೇವಾಲಯವೇ ಇಲ್ಲದ ಮೇಲೆ ಬಲಿಯ ಮಾಂಸವನ್ನೇ ತಿನ್ನುತ್ತಿದ್ದೇವೆ ಎನ್ನುವ ಹಾಗೆ ಕಾಣಬಾರದು, ಅಲ್ವಾ? ಪಾತ್ರೆಯಲ್ಲಿಟ್ಟು ಅದರದ್ದೇ ರಸದಲ್ಲಿ ಬೇಯಿಸಿದರೂ ಅದು ಸುಟ್ಟ ಮಾಂಸದ ಲೆಕ್ಕಕ್ಕೇ ಬರುತ್ತದೆ ಎಂದು ಹಲವು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಹೇಳಿದರು. ಹಾಗಾಗಿ ನೀರೋ, ಸಾರೋ, ವೈನೋ ಏನಾದರೂ ಹಾಕಲೇಬೇಕು. ದನದ ಎದೆಮಾಂಸವನ್ನು ವೈನಿನಲ್ಲಿ ಬೇಯಿಸುವ, ಇವತ್ತು ಐಷಾರಾಮಿಯಾಗಿ ಕಾಣುವ ಈ ಅಡುಗೆಯ ಬಹಳಷ್ಟು ಹಂತಗಳು ಇಂಥ ಕಟ್ಟುಪಾಡಿನಿಂದಲೇ ಬಂದದ್ದು.

ಮಾಂಸದ ಭಾಗವನ್ನೇ ನೋಡಿ. ದೇವದೂತನೊಡನೆ ಸೆಣಸಿದಾಗ ಯೆಹೂದಿಗಳ ಪೂರ್ವಜ ಯಾಕೋಬನ ತೊಡೆಯ ಕೀಲಿಗೆ ಪೆಟ್ಟಾಯಿತು ಎಂಬ ಕಥೆ ಬೈಬಲ್ಲಿನ ಆದಿಕಾಂಡದಲ್ಲಿದೆ. ಅದರ ನೆನಪಿಗೆ ತೊಡೆಯ ನರ ತಿನ್ನುವಂತಿಲ್ಲ. ಕೆಲವು ಬಗೆಯ ಕೊಬ್ಬೂ ನಿಷಿದ್ಧ. ಇವನ್ನೆಲ್ಲ ಬಿಡಿಸಿ ತೆಗೆಯುವುದು ತುಂಬಾ ನಾಜೂಕಿನ ಕೆಲಸ. ಯುರೋಪಿನ ಬಹಳಷ್ಟು ಕೋಷರ್ ಕಟುಕರು, ಅಂದರೆ ಯೆಹೂದಿ ಆಹಾರ ನಿಯಮದಂತೆ ಮಾಂಸ ಮಾರುವವರು, ಆ ಗೋಜೇ ಬೇಡವೆಂದು ದನದ ಹಿಂಭಾಗವನ್ನು ಯೆಹೂದಿಯಲ್ಲದವರಿಗೆ ಮಾರಿಬಿಡುತ್ತಿದ್ದರು. ಮೆತ್ತನೆಯ ತುಂಡುಗಳೆಲ್ಲ ಹಾಗೇ ಹೋದವು. ಉಳಿದದ್ದು ಮುಂಭಾಗ, ಅದರಲ್ಲೂ ಅಗ್ಗದ ಎದೆಮಾಂಸ, ಅಂದರೆ ಬ್ರಿಸ್ಕೆಟ್.

ದನಕ್ಕೆ ಕೊರಳೆಲುಬು ಇಲ್ಲ. ಮೈಭಾರವನ್ನು ಎದೆಯ ಸ್ನಾಯುಗಳು ಹೊರಬೇಕು. ಅದಕ್ಕೇ ಆ ಮಾಂಸ ಗಟ್ಟಿ, ನಾರು ಜಾಸ್ತಿ. ಆ ನಾರಿನಲ್ಲಿರುವ ಕೊಲಾಜನ್ ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಬೆಂದರೆ ಕರಗಿ ಜೆಲಾಟಿನ್ ಆಗುತ್ತದೆ. ಅವಸರ ಮಾಡಿದರೆ ಚಪ್ಪಲಿ ಜಗಿದ ಹಾಗೆ.

ಅಗ್ಗದ ಮಾಂಸವೂ ಎಲ್ಲ ಕಾಲಕ್ಕೂ ಅಗ್ಗವಾಗಿ ಉಳಿಯಲಿಲ್ಲ. 1902ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18 ಸೆಂಟಿಗೆ ಏರಿತು. ಸಾವಿರಾರು ವಲಸಿಗ ಹೆಂಗಸರು ಬೀದಿಗಿಳಿದರು. ಅಂಗಡಿಗಳಿಗೆ ನುಗ್ಗಿ, ಮಾಂಸವನ್ನು ಬೀದಿಗೆಸೆದು ಸೀಮೆಎಣ್ಣೆ ಸುರಿದರು. ಕೊನೆಗೆ ಬೆಲೆ ಇಳಿಯಿತು. ಹಬ್ಬದ ಪಾತ್ರೆಯ ಹಿಂದೆ ಈ ಹೆಂಗಸರ ಹಟವೂ ಇದೆ ಎನ್ನುವುದು ನನಗೆ ತುಂಬಾ ದೊಡ್ಡ ಮಾತು.

ವೈನಿನದೂ ಹೀಗೇ ಒಂದು ಕಥೆ. ವೈನು ಕೋಷರ್ ಆಗಬೇಕಾದರೆ ದ್ರಾಕ್ಷಿ ಹಿಂಡುವುದರಿಂದ ಮುಚ್ಚಳ ಹಾಕುವವರೆಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನ, ಪಾಲಿಸುವ ಯೆಹೂದಿಗಳೇ ಮುಟ್ಟಿರಬೇಕು. ಅಮೆರಿಕದ ಪೂರ್ವ ಭಾಗದಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದು ಕಾಂಕರ್ಡ್ ದ್ರಾಕ್ಷಿ. ಅದರ ವೈನು ಹುಳಿ, ಹಾಗಾಗಿ ಸಕ್ಕರೆ ಸುರಿಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆ ಸಿಹಿ ವೈನೇ ಮಾಂಸದ ಪಾತ್ರೆಗೂ ಬೀಳುತ್ತಿತ್ತು. ಸಿಹಿಯಿಲ್ಲದ ಒಳ್ಳೆಯ ಕೋಷರ್ ವೈನುಗಳು ಸುಲಭವಾಗಿ ಸಿಗತೊಡಗಿದ್ದು 1980ರ ದಶಕದಿಂದ ಈಚೆಗೆ.

ಉಳಿದದ್ದು ಸರಳ. ಮಾಂಸದ ಜೊತೆ ಹಾಲಿನ ಪದಾರ್ಥ ಸೇರುವಂತಿಲ್ಲ, ಹಾಗಾಗಿ ಬೆಣ್ಣೆಯಿಲ್ಲ. ಪಸ್ಕದಲ್ಲಿ ರಸ ಗಟ್ಟಿ ಮಾಡಲು ಗೋಧಿ ಹಿಟ್ಟೂ ಇಲ್ಲ. ರಾಶಿ ಈರುಳ್ಳಿ ಕರಗಿಯೇ ರಸ ಮಂದವಾಗಬೇಕು. ಬಹಳ ಜನ ಹಿಂದಿನ ದಿನವೇ ಬೇಯಿಸಿಡುತ್ತಾರೆ. ನಿನ್ನೆಯ ಸಾರಿನ ರುಚಿ ನಮಗೆ ಗೊತ್ತಿದೆಯಲ್ಲ, ಹಾಗೇ ಇದೂ. ತಣ್ಣಗಾದ ಮೇಲೆ ಕೊಬ್ಬು ತೆಗೆದು, ಎಳೆಗೆ ಅಡ್ಡವಾಗಿ ಕೊಯ್ದು, ಅದೇ ರಸದಲ್ಲಿ ಮತ್ತೆ ಬಿಸಿ ಮಾಡುತ್ತಾರೆ.

ಊಟಕ್ಕೆ ಮೊದಲು ಮನೆಯ ಚಿಕ್ಕ ಮಗು ಪ್ರಶ್ನೆಗಳನ್ನು ಕೇಳುತ್ತದೆ. ಬೇರೆ ರಾತ್ರಿ ಸುಟ್ಟದ್ದು, ಬೇಯಿಸಿದ್ದು ಎಲ್ಲ ತಿನ್ನುತ್ತೇವೆ, ಈ ರಾತ್ರಿ ಸುಟ್ಟದ್ದು ಮಾತ್ರ ಯಾಕೆ ಎಂಬ ಪ್ರಶ್ನೆಯೂ ಯೆಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಗ್ರಂಥದ ಪಟ್ಟಿಯಲ್ಲಿತ್ತು. ದೇವಾಲಯ ಹೋದ ಮೇಲೆ ಅದನ್ನು ಕೈಬಿಟ್ಟರು. ಈಗ ಅದರ ಜಾಗದಲ್ಲಿ ಮಗು, ಇವತ್ತು ಒರಗಿ ಕೂತು ಯಾಕೆ ಊಟ ಮಾಡುತ್ತೇವೆ ಎಂದು ಕೇಳುತ್ತದೆ.