ಕತ್ತಿಗೆ ತಾಮ್ರ ಹಿಡಿದಾಗ

ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಕೊಳೆರೋಗದ ತರಬೇತಿಗೆ ಹೋಗಿದ್ದೆ. ಮೇ ತಿಂಗಳ ಸೆಕೆ. ಪರದೆ ಮೇಲೆ ಶಿಲೀಂಧ್ರದ ಹೆಸರು, ರಾಸಾಯನಿಕ ಸೂತ್ರ, ಮತ್ತೆ ಸೂತ್ರ. ಕೊನೆಗೆ "ಸಂಶಯ ಉಂಟಾ?" ಎಂದು ಕೇಳಿದರೆ ಯಾರೂ ಮಾತಾಡಲಿಲ್ಲ. ಚಾ ಕುಡಿಯುವಾಗ ಪಕ್ಕದವರು ಮೆಲ್ಲ ಕೇಳಿದರು: "ಭಾವ, ಮದ್ದು ಬಿಟ್ಟ ದಿನವೇ ಜೋರು ಮಳೆ ಬಂದ್ರೆ ಪುನಃ ಬಿಡ್ಬೇಕಾ?"

ತರಬೇತಿ ಶುರುವಾಗಬೇಕಿದ್ದದ್ದು ಅಲ್ಲಿಂದ, ಅಲ್ವಾ?

ದೊಡ್ಡವರು ಖಾಲಿ ಕೈಯಲ್ಲಿ ಬರುವುದಿಲ್ಲ, ನಾಳೆಗೇ ಬೇಕಾದದ್ದನ್ನು ಹುಡುಕಿಕೊಂಡು ಬರುತ್ತಾರೆ ಎಂದು ವಯಸ್ಕರ ಶಿಕ್ಷಣದ ಬಗ್ಗೆ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ 1968ರಿಂದಲೇ ಹೇಳುತ್ತಾ ಬಂದರು. ಮಕ್ಕಳೂ ಹಾಗೆಯೇ ಎಂಬುದು ನನ್ನ ಅನುಮಾನ. ಮುಂದೆ ನೋಲ್ಸ್ ಕೂಡ ದೊಡ್ಡವರು ಕಲಿಯುವ ರೀತಿ ಮಕ್ಕಳದ್ದಕ್ಕಿಂತ ಬೇರೆ ಎಂಬ ತಮ್ಮ ಮಾತನ್ನು ಸ್ವಲ್ಪ ಸಡಿಲಿಸಿದರು. ಇನ್ನೊಂದು ತೊಡಕು ಮಿದುಳಿನದು. ಹೊಸ ಸಂಗತಿಗಳಾದರೆ ಒಂದೇ ಸಲಕ್ಕೆ ಸುಮಾರು ನಾಲ್ಕನ್ನು ಮಾತ್ರ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲೆವು ಎಂದು 2001ರಲ್ಲಿ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಬರೆದರು. ಗೊತ್ತಿರುವುದಕ್ಕೆ ಗಂಟು ಹಾಕಿದರೆ ಮಾತ್ರ ಜಾಸ್ತಿ ಹಿಡಿಯುತ್ತದೆ.

ಮರುವರ್ಷ ತರಬೇತಿ ಕೊಡಲು ಬೇರೆಯವರು ಬಂದರು. ಪರದೆ ಇಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಬಕೆಟ್, ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ನಮಗೆಲ್ಲ ಬಾಯಿಪಾಠ. ಅವರು ಅದನ್ನು ಹೇಳಲೇ ಇಲ್ಲ. ಬೇಕೆಂದೇ ಸುಣ್ಣ ಕಮ್ಮಿ ಹಾಕಿ, ಕಬ್ಬಿಣದ ಕತ್ತಿಯೊಂದನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ತುಂಬ ಕೆಂಪು. "ಇದೇನು?" ತುಕ್ಕು ಎಂದವರೇ ಹೆಚ್ಚು. ಅಲ್ಲ, ತಾಮ್ರ. ಸುಣ್ಣ ಸಾಲದಿದ್ದರೆ ತಾಮ್ರ ನೀರಲ್ಲಿ ಕರಗಿಯೇ ಉಳಿಯುತ್ತದೆ. ಕಬ್ಬಿಣ ಕರಗಿ ಅದಕ್ಕೆ ಜಾಗ ಬಿಡುತ್ತದೆ, ತಾಮ್ರ ಬಂದು ಅಲಗಿಗೆ ಕೂರುತ್ತದೆ. ಅಂಥ ಮದ್ದು ಎಳೆಯ ಭಾಗವನ್ನು ಸುಡಬಹುದು. ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಸೇರಿಸುತ್ತಾ ಹೋದೆವು, ಅಲಗು ಬೆಳ್ಳಗೇ ಬರುವವರೆಗೆ. ಹಿಂದಿನ ವರ್ಷದ ಸೂತ್ರ ಆಗ ತಲೆಗೆ ಹೋಯಿತು.

ಊಟವಾದ ಮೇಲೆ ಅವರು ಏನನ್ನೂ ಮತ್ತೆ ವಿವರಿಸಲಿಲ್ಲ. "ನೀವೇ ಮಾಡಿ" ಎಂದು ಸುಮ್ನೆ ನಿಂತರು. ಇದು ಸೋಮಾರಿತನವಲ್ಲ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪರೀಕ್ಷಿಸಿ ನೋಡಿದ್ದು ಇದನ್ನೇ. ಐದು ನಿಮಿಷದ ಬಳಿಕ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ. ವಾರದ ಬಳಿಕ ಕೇಳಿದರೆ ನೆನಪಿನಿಂದ ಹೊರತೆಗೆದು ಅಭ್ಯಾಸ ಮಾಡಿದವರು ಮುಂದೆ.

ನಮ್ಮ ಗುಂಪಿನ ಹಿರಿಯರೊಬ್ಬರು ಸುಣ್ಣದ ಬಕೆಟ್ ಎತ್ತಿದರು. "ನಿಲ್ಲಿ ಮಾವ, ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು!" ಎಂದು ಹುಡುಗನೊಬ್ಬ ತಡೆದ. ಅರ್ಧ ಗಂಟೆ ಚರ್ಚೆ. ಆ ಮಳೆಯ ಪ್ರಶ್ನೆ ಈ ಸಲ ಚಾಕ್ಕೆ ಕಾಯಲಿಲ್ಲ. ಮದ್ದು ಗೊನೆ ಮೇಲೆ ಒಣಗುವಷ್ಟು ಹೊತ್ತು ಬಿಸಿಲು ಇತ್ತಾ ಎಂದು ಹಿರಿಯರೇ ಆ ಪ್ರಶ್ನೆ ಕೇಳಿದವರಿಗೆ ತಿರುಗಿ ಕೇಳಿದರು.