ಕಲ್ಯಾಣ ಕರ್ನಾಟಕದ ಹಿಂದುಳಿದ ಲೆಕ್ಕ: ಏನನ್ನು ಅಳೆದರು, ಏನು ಉಳಿಯಿತು?

ಕಲಬುರಗಿ ಭಾಗ ಹಿಂದುಳಿದಿದೆ ಎಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಆ ಮಾತು ನಡೆಯಬೇಕಾದರೆ ಅಂಕಿ ಬೇಕಿತ್ತು. ಅದು ಸಿಕ್ಕಿದ್ದು 2002ರಲ್ಲಿ, ಪ್ರಾದೇಶಿಕ ಅಸಮತೋಲನ ಅಳೆಯಲು ರಾಜ್ಯ ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ.

ಬರೀ ಆದಾಯ ನೋಡಿದರೆ ಸಾಲದು ಎಂಬ ಮಾತು ಅಷ್ಟರಲ್ಲಾಗಲೇ ಬೇರೂರಿತ್ತು. ವಿಶ್ವಸಂಸ್ಥೆ 1990ರಲ್ಲೇ ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ತಂದಿತ್ತು. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಆರಿಸಿಕೊಂಡಿತು. ಸಾಕ್ಷರತೆ, ರಸ್ತೆ, ಬ್ಯಾಂಕು, ಆಸ್ಪತ್ರೆಯ ಹಾಸಿಗೆ, ಕುಡಿಯುವ ನೀರು, ಟೆಲಿಫೋನ್ ಕೂಡ. ಎಲ್ಲ ಕೂಡಿಸಿ ಪ್ರತಿ ತಾಲ್ಲೂಕಿಗೆ ಒಂದೊಂದು ಅಂಕಿ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಔರಾದ್, ಜೇವರ್ಗಿ, ಸುರಪುರ ಎಲ್ಲ ಆ ಪಟ್ಟಿಯಲ್ಲಿದ್ದವು.

ಈ ಲೆಕ್ಕ ಸುಮ್ನೆ ಕಡತದಲ್ಲಿ ಕೂರಲಿಲ್ಲ. ಈ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಗಾಗಿ ನಡೆದ ಹೋರಾಟಕ್ಕೆ ಬಲ ಕೊಟ್ಟಿತು. 2012ರಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿತು. 2013ರಲ್ಲಿ ಅದು ಜಾರಿಯಾಗಿ, ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದವು. ಹಾಗಾಗಿ ಅಳತೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ.

ತೊಡಕಿರುವುದು ಬೇರೆ ಕಡೆ. ಹಾಸಿಗೆ ಎಣಿಸುವುದು ಸುಲಭ. ಹೆರಿಗೆ ನೋವು ಬಂದ ರಾತ್ರಿ ಅಲ್ಲಿ ಡಾಕ್ಟರ್ ಇರುತ್ತಾರಾ ಎಂಬುದು ಆ ಎಣಿಕೆಯಲ್ಲಿ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ನೋಡಿ. 2023ರಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ 75.49. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಅದು ಶೇ 50.59ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರಾ? ಖಂಡಿತ ಇಲ್ಲ. ಮೊದಲಿನ ಅಂಕಿ ಕಲಿಕೆಯನ್ನು ಸರಿಯಾಗಿ ಹೇಳುತ್ತಿರಲಿಲ್ಲ, ಅಷ್ಟೇ. ಅದನ್ನೇ ನಂಬಿ ನಾವು ಎಷ್ಟು ವರ್ಷ ಕಳೆದೆವು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಇನ್ನು ಮುಂದಿನ ಲೆಕ್ಕಗಳಲ್ಲಾದರೂ ಐದನೇ ತರಗತಿಯ ಮಗು ಒಂದು ಪುಟ ಓದಬಲ್ಲದೇ, ಮುಂಬೈ, ಬೆಂಗಳೂರಿಗೆ ಗುಳೆ ಹೋದ ಮನೆಗಳೆಷ್ಟು, ಆ ಮನೆಯ ಮಕ್ಕಳ ಶಾಲೆ ಏನಾಯ್ತು ಎಂಬುದನ್ನು ಕೇಳಬೇಕು. ಕೇಳುವುದು ಜಿಲ್ಲಾ ಕಚೇರಿಯಲ್ಲಲ್ಲ, ಊರಿನಲ್ಲಿ.