ಪದಕ ಇಬ್ಬರಿಗೆ, ನೆನಪು ಮೂವರದು

1944ರ ಜೂನ್ 2, ರಾತ್ರಿ ಒಂದೂವರೆ ದಾಟಿತ್ತು. ಬಾಂಬು ಮತ್ತು ಅದರ ಬಿಡಿಭಾಗ ತುಂಬಿದ್ದ 51 ವ್ಯಾಗನ್‌ಗಳ ಗೂಡ್ಸ್ ರೈಲು ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನ ಸೋಹಮ್ ಊರಿನ ಹತ್ತಿರ ಬಂದಿತ್ತು. ಡ್ರೈವರ್ ಬೆಂಜಮಿನ್ ಗಿಂಬರ್ಟ್ ತಿರುಗಿ ನೋಡಿದರೆ ಎಂಜಿನ್‌ಗೆ ಅಂಟಿಕೊಂಡಿದ್ದ ಮೊದಲ ವ್ಯಾಗನ್ನೇ ಹೊತ್ತಿ ಉರಿಯುತ್ತಿದೆ. ಅದರೊಳಗೆ 500 ಪೌಂಡ್ ತೂಕದ 44 ಬಾಂಬುಗಳು. ಆ ವ್ಯಾಗನ್ ಹಿಂದೆ ಗಂಧಕದ ಪುಡಿ ಸಾಗಿಸಿತ್ತು. ಉಳಿದಿದ್ದ ಪುಡಿಗೆ ಎಂಜಿನ್ನಿನ ಕಿಡಿ ತಾಕಿರಬೇಕು ಎಂಬುದು ಆಮೇಲೆ ವಿಚಾರಣೆಯಲ್ಲಿ ಬಂದ ಮಾತು.

ಗಿಂಬರ್ಟ್ ಮತ್ತು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್ ಜೇಮ್ಸ್ ನೈಟಾಲ್ ಇಬ್ಬರೂ ಹಾರಿ ಓಡಬಹುದಿತ್ತು. ಗಿಂಬರ್ಟ್ ರೈಲನ್ನು ಮೆಲ್ಲಗೆ ನಿಲ್ಲಿಸಿದರು. ಕೊಂಡಿ ಕಾದಿದ್ದರೆ ಕೈ ಹಾಕಲಾಗದು, ಕಲ್ಲಿದ್ದಲು ಒಡೆಯುವ ಸುತ್ತಿಗೆ ತೆಗೆದುಕೊಂಡು ಹೋಗು ಎಂದು ನೈಟಾಲ್‌ಗೆ ಹೇಳಿದರು. ಇಪ್ಪತ್ತೆರಡರ ಆ ಹುಡುಗ ಕೆಳಗಿಳಿದು, ಉರಿಯುವ ವ್ಯಾಗನ್ನಿನ ಬೆನ್ನಿಗೇ ನಿಂತು ಕೊಂಡಿ ಕಳಚಿ ಬಂದ. ಅದೊಂದನ್ನೇ ಎಳೆದುಕೊಂಡು ಊರಾಚೆಯ ಬಯಲು ಸೇರುವುದು ಅವರ ಲೆಕ್ಕ. ಸುಮಾರು 140 ಗಜ ಹೋಗಿದ್ದರಷ್ಟೇ, ನಿಲ್ದಾಣದಲ್ಲೇ ಸಿಡಿಯಿತು. ನೈಟಾಲ್ ಅಲ್ಲೇ ತೀರಿಕೊಂಡರು. ಸಿಗ್ನಲ್‌ಮ್ಯಾನ್ ಫ್ರಾಂಕ್ ಬ್ರಿಜಸ್ ಮರುದಿನ ಅಸುನೀಗಿದರು. ಗಿಂಬರ್ಟ್ ಮೈತುಂಬ ಗಾಯಗಳೊಂದಿಗೆ ಬದುಕಿದರು. ನಿಲ್ದಾಣ ನೆಲಸಮವಾಯಿತು, ನೂರಾರು ಮನೆಗಳಿಗೆ ಹಾನಿಯಾಯಿತು. ಆದರೆ ಹಿಂದಿನ ಐವತ್ತು ವ್ಯಾಗನ್‌ಗಳು ಸಿಡಿಯಲಿಲ್ಲ, ಊರು ಉಳಿಯಿತು.

ಬ್ರಿಟನ್ನಿನ ವಿಕ್ಟೋರಿಯಾ ಕ್ರಾಸ್ ಪದಕ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಸಲ್ಲುವಂಥದ್ದು. 1940ರ ಬಾಂಬ್ ದಾಳಿಗಳಲ್ಲಿ ಸಾಮಾನ್ಯ ಜನರೂ ಜೀವ ಪಣಕ್ಕಿಟ್ಟಿದ್ದನ್ನು ಕಂಡ ದೊರೆ ಆರನೇ ಜಾರ್ಜ್, ಅಂಥವರಿಗೂ ಸಲ್ಲಲೆಂದು ಜಾರ್ಜ್ ಕ್ರಾಸ್ ಸ್ಥಾಪಿಸಿದ್ದರು. ಬರ್ಕನ್‌ಹೆಡ್‌ನಲ್ಲಿ ಬಾಂಬು ತುಂಬಿದ ವ್ಯಾಗನ್ನಿನ ಬೆಂಕಿ ಆರಿಸಿದ ರೈಲ್ವೆ ನೌಕರ ನಾರ್ಮನ್ ಟನ್ನಾ ಅವರಿಗೂ ಅದು ದೊರೆತಿತ್ತು. 1944ರ ಜುಲೈನಲ್ಲಿ ಗಿಂಬರ್ಟ್ ಮತ್ತು ನೈಟಾಲ್ ಅವರಿಗೆ ಅದೇ ಪದಕ ಘೋಷಣೆಯಾಯಿತು. ಬ್ರಿಜಸ್‌ಗೆ ಇಲ್ಲ. ಕೊಂಡಿ ಕಳಚಿದ್ದು ಅವರಲ್ಲ, ನಿಜ. ಆದರೂ ಕರ್ತವ್ಯದಲ್ಲಿದ್ದಾಗಲೇ ಸತ್ತವರ ಹೆಸರು ಹೀಗೆ ಹಿಂದೆ ಸರಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮುಂದಿನ ಸ್ಮರಣೆಗಳೂ ಪದಕದ ದಾರಿಯನ್ನೇ ಹಿಡಿದವು. 1981ರಲ್ಲಿ ಎರಡು ಡೀಸೆಲ್ ಎಂಜಿನ್‌ಗಳಿಗೆ ಗಿಂಬರ್ಟ್, ನೈಟಾಲ್ ಹೆಸರಿಟ್ಟರು. ಮುಂದೆ ಆ ಹೆಸರುಗಳು ಹೊಸ ಎಂಜಿನ್‌ಗಳ ಮೇಲೂ ಬಂದವು. ರೈಲಿನವರಿಗೆ ಇದಕ್ಕಿಂತ ಒಪ್ಪುವ ಗೌರವ ನನಗಂತೂ ತೋಚದು. 2007ರ ಜೂನ್ 2ರಂದು ಊರಿನಲ್ಲಿ ಕಲ್ಲಿನ ಸ್ಮಾರಕ ಅನಾವರಣಗೊಂಡಿತು. ಬ್ರಿಜಸ್‌ರನ್ನು ಸೋಹಮ್ ಮರೆತಿಲ್ಲ. ಅಲ್ಲಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಅಂದು ಬಿದ್ದ ಗುಂಡಿ ಮುಚ್ಚಿ, ಅದೇ ಸಂಜೆ ರೈಲು ಓಡಿಸಿದ್ದರು. 1965ರಲ್ಲಿ ಮುಚ್ಚಿದ್ದ ಸೋಹಮ್ ನಿಲ್ದಾಣ 2021ರ ಡಿಸೆಂಬರ್ 13ರಂದು ಮತ್ತೆ ತೆರೆಯಿತು.